ಚದುರಂಗದ ಕುದುರೆಯೂ ಸಮಸ್ಯಾಭ್ಯಾಸವೂ

ಚದುರಂಗದಲ್ಲಿ ನೈಪುಣ್ಯವು ಹೆಚ್ಚು ಆಡುವುದರಿಂದ ಬರುವುದೋ ಸಮಸ್ಯೆಗಳನ್ನು ಬಿಡಿಸುವುದರಿಂದ ಬರುವುದೋ ಎಂಬುದು ಹಳೆಯ ಚರ್ಚೆ. ಇಪ್ಪತ್ತು ವರ್ಷ ಸಂಜೆಸಂಜೆಯೂ ಜಗಲಿಯಲ್ಲಿ ಮಣೆಯ ಮುಂದೆ ಕುಳಿತವನು ಮೊದಲ ವರ್ಷದ ತಪ್ಪನ್ನೇ ಮಾಡುತ್ತಿರುವುದುಂಟು. ಈ ಚರ್ಚೆಗೆ ಕನ್ನಡನಾಡಿನ ಇತಿಹಾಸದಲ್ಲಿಯೇ ಕೆಲವು ಉತ್ತರಗಳು ದೊರೆಯುತ್ತವೆ.

ಸಿದ್ದಾಪುರ, ಗಂಗಾವತಿಗಳ ಈ ಸೀಮೆಯು ಒಮ್ಮೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಇಟಗಿಯ ದೇವಾಲಯವನ್ನು ಕಟ್ಟಿಸಿದನು. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ಐದನೆಯ ಪ್ರಕರಣದಲ್ಲಿ ಚದುರಂಗಕ್ಕೆ ಅರುವತ್ತಕ್ಕೂ ಮಿಕ್ಕ ಶ್ಲೋಕಗಳು ಮೀಸಲಾಗಿವೆ. ಅರಸನು ತಿಳಿದಿರಬೇಕಾದ ವಿಷಯಗಳಲ್ಲಿ ಇದೂ ಒಂದೆಂದು ಅವನು ಎಣಿಸಿದನು.

ಮಣೆಯ ಸಮಸ್ಯೆಗಳಲ್ಲಿ ಕುದುರೆಯದು ಅತಿ ಪ್ರಾಚೀನ. ಒಮ್ಮೆ ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ ಅದು ಎಲ್ಲ ಮನೆಗಳನ್ನೂ ಸುತ್ತಬೇಕು. ಅನುಷ್ಟುಪ್ ಶ್ಲೋಕದ 32 ಅಕ್ಷರಗಳು ಅರ್ಧ ಮಣೆಯ 32 ಮನೆಗಳಿಗೆ ಸರಿಹೊಂದುವುದನ್ನು ಕಂಡು, ಒಂಬತ್ತನೆಯ ಶತಮಾನದಲ್ಲಿ ರುದ್ರಟನು ಇದನ್ನು ಚಿತ್ರಕವಿತ್ವಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ವೇದಾಂತದೇಶಿಕರ ‘ಪಾದುಕಾಸಹಸ್ರ’ದಲ್ಲಿ ಒಂದು ಶ್ಲೋಕವನ್ನು ಕುದುರೆಯ ನಡೆಯಲ್ಲಿ ಓದಿದರೆ ಇನ್ನೊಂದು ಶ್ಲೋಕವೇ ಹುಟ್ಟುತ್ತದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಅಂಕಗಣಿತದ ಎತ್ತರಕ್ಕೆ ಒಯ್ದರು. 1799ರಲ್ಲಿ ಐದರ ಬಾಲಕನಾಗಿ ಪಟ್ಟವೇರಿದ ಅವರಿಂದ 1831ರಲ್ಲಿ ಕಂಪನಿಯು ಆಡಳಿತವನ್ನು ಕಿತ್ತುಕೊಂಡಿತು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಮರಳಲಿಲ್ಲ. ರಾಜ್ಯದ ನಡೆಗಳು ಕೈತಪ್ಪಿದ ಅರಸರು ವಿದ್ಯೆಯನ್ನು ಕೈಬಿಡಲಿಲ್ಲ. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೆ ಮೀಸಲು. ಅವರು ರಚಿಸಿದ ಕುದುರೆಯ ಸುತ್ತುಗಳಲ್ಲೊಂದು 144 ಮನೆಗಳ ಮಣೆಯದು. ಅದರಲ್ಲಿ ಕುದುರೆ ಮೆಟ್ಟಿದ ಕ್ರಮದಂತೆ 1ರಿಂದ 144ರವರೆಗೆ ಅಂಕಗಳನ್ನಿಟ್ಟರೆ, ಅಡ್ಡಸಾಲು, ಉದ್ದಸಾಲು ಯಾವುದನ್ನು ಕೂಡಿದರೂ 870 ಬರುತ್ತದೆ.

ಇದರಿಂದ ಆಟಗಾರನಿಗೇನು ಲಾಭ? ಮೂಲೆಯ ಮನೆಯಿಂದ ಕುದುರೆಗೆ ಎರಡೇ ದಾರಿ, ನಡುಮನೆಯಿಂದ ಎಂಟು. ಆದುದರಿಂದ ಮುಂದೆ ದಾರಿ ಕಡಮೆಯಿರುವ ಮನೆಯನ್ನು ಮೊದಲು ಮೆಟ್ಟಬೇಕೆಂದು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫನು ಸೂತ್ರವಿತ್ತನು. ಹೀಗೆ ಮುಂದಾಲೋಚಿಸಿ ಪಳಗಿದ ಕಣ್ಣಿಗೆ, ಒಂದೇ ನೆಗೆತದಲ್ಲಿ ರಾಜನನ್ನೂ ಆನೆಯನ್ನೂ ಹಿಡಿಯುವ ಮನೆ ತಾನಾಗಿ ತೋರುತ್ತದೆ. ಚೇಸ್ ಮತ್ತು ಸೈಮನ್ ಎಂಬ ಅಮೆರಿಕೆಯ ವಿದ್ವಾಂಸರು 1973ರಲ್ಲಿ ಇದನ್ನು ಪರೀಕ್ಷಿಸಿದರು. ನಿಜವಾದ ಆಟದ ಸನ್ನಿವೇಶವನ್ನು ಕ್ಷಣಕಾಲ ಕಂಡ ನಿಪುಣನು ಅದನ್ನು ಬಹುಮಟ್ಟಿಗೆ ನೆನಪಿನಿಂದಲೇ ಜೋಡಿಸಿದನು; ಕಾಯಿಗಳನ್ನು ಮನಬಂದಂತೆ ಚೆಲ್ಲಿಟ್ಟಾಗ ಅವನ ಮೇಲುಗೈ ಬಹುವಾಗಿ ಕುಗ್ಗಿತು. ಅವನ ಶಕ್ತಿಯು ಬರಿಯ ಜ್ಞಾಪಕದ್ದಲ್ಲ, ಪರಿಚಿತ ರೂಪಗಳದ್ದು. ಸಮಸ್ಯೆಗಳು ಕಲಿಸುವುದು ಆ ರೂಪಗಳನ್ನೇ.

ಆದರೂ ಒಂದು ಎಚ್ಚರಿಕೆ ಬೇಕು. ಸಮಸ್ಯೆಯು ತನಗೊಂದು ಪರಿಹಾರವಿದೆಯೆಂದು ಮೊದಲೇ ಸಾರುತ್ತದೆ. ಆಟದಲ್ಲಿ ಹಾಗೆ ಸಾರುವವರಿಲ್ಲ. ತಪ್ಪಿದ ಸಮಸ್ಯೆಗೆ ಮರಳಿ ಬಂದು, ತಪ್ಪಿದ್ದೇಕೆಂದು ಅರಿತು, ಅನಂತರ ಎದುರಾಳಿಯ ಮುಂದೆ ಕುಳಿತವನಿಗೇ ಅಭ್ಯಾಸವು ಫಲಿಸುತ್ತದೆ. ಒಂಟಿ ಕುದುರೆಯು ಮನೆಗಳನ್ನು ಕಲಿಸಬಲ್ಲದು. ಎದುರಾಳಿಯ ಮನಸ್ಸನ್ನು ಎದುರಾಳಿಯೇ ಕಲಿಸಬೇಕು.