ಹೊಸ್ತಿಲು ತುಳಿಯದೆ ಒಳಬಂದದ್ದು

ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯನ್ನು ವಾಚಕರಲ್ಲಿ ಹಲವರು ಹತ್ತಿರಬಹುದು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರದಂತಹ ಕೋಟೆ ಅದು. ಮೇಲೆ ನಿಂತ ಕಾವಲಿನವನಿಗೆ ಘಟ್ಟದ ದಾರಿ ಕಾಣುತ್ತಿತ್ತು. ಕಣಿವೆಯ ಮನೆಗಳ ಒಲೆಯ ಹೊಗೆಯೂ ಕಾಣುತ್ತಿತ್ತು. ಆದರೆ ಒಲೆಯ ಮುಂದೆ ಕುಳಿತವರ ಮಾತು ಅವನಿಗೆ ಕೇಳುತ್ತಿರಲಿಲ್ಲ. ಮಂಜು ಕವಿದರಂತೂ ಹೊಗೆಯೂ ಇಲ್ಲವೆನ್ನಿ.

ಕಾನೂನು ಬಹುಕಾಲ ಯೋಚಿಸಿದ್ದೂ ಹೀಗೆಯೇ. ಅದು ಕಾಯ್ದದ್ದು ಮನೆಯ ಹೊಸ್ತಿಲನ್ನು. ಅವರವರ ಮನೆ ಅವರವರಿಗೆ ಕೋಟೆ ಎಂಬ ಮಾತು ಇಂಗ್ಲೆಂಡಿನಲ್ಲಿ 1604ರ ಸೆಮೇನ್ ಮೊಕದ್ದಮೆಯಷ್ಟು ಹಳೆಯದು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1962ರಲ್ಲಿ ಖರಕ್ ಸಿಂಗ್ ಮೊಕದ್ದಮೆಯಲ್ಲಿ, ಪೊಲೀಸರು ನಡುರಾತ್ರಿ ಮನೆಗೆ ಬಂದು ಬಾಗಿಲು ತಟ್ಟುವುದು ತಪ್ಪೆಂದಿತು. ಆದರೆ ಹೊರಗೆ ಅವನ ಓಡಾಟವನ್ನು ಗಮನಿಸುವುದಕ್ಕೆ ಅಡ್ಡಿಯಿಲ್ಲವೆಂದಿತು. ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದು ಬಹುಮತದ ಅಭಿಪ್ರಾಯ. ನ್ಯಾಯಮೂರ್ತಿ ಸುಬ್ಬರಾಯರು ಒಪ್ಪಲಿಲ್ಲ. ಸದಾ ಕಣ್ಗಾವಲಿನಲ್ಲಿ ನಡೆಯುವವನ ನಡಿಗೆ ಸ್ವತಂತ್ರವಾದೀತೆ ಎಂಬುದು ಅವರ ವಾದದ ತಿರುಳು. ನನಗಂತೂ ಅವರ ಮಾತೇ ಸರಿಯೆನಿಸುತ್ತದೆ.

ತಂತಿ ಬಂದ ಮೇಲೆ ಹೊಸ್ತಿಲಿನ ಲೆಕ್ಕ ತಪ್ಪಿತು. ಅಮೆರಿಕದಲ್ಲಿ ಪೊಲೀಸರು ಬೀದಿಯ ತಂತಿಗೆ ಕಿವಿಗೊಟ್ಟಾಗ, ಅವರು ಮನೆಯೊಳಗೆ ಕಾಲಿಡಲಿಲ್ಲವಲ್ಲ ಎಂದು 1928ರಲ್ಲಿ ಅಲ್ಲಿಯ ನ್ಯಾಯಾಲಯ ಸುಮ್ಮನಾಯಿತು. ಆ ತಪ್ಪು ತಿದ್ದಿಕೊಳ್ಳಲು 1967ರವರೆಗೆ ಕಾಯಬೇಕಾಯಿತು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟ್ರಂಕ್ ಕಾಲಿನ ಕಾಲದಲ್ಲಿ ತೋಟದ ಮನೆಯಿಂದ ಮಗಳ ಸಂಬಂಧದ ಮಾತಾಡುವಾಗ, ನಡುವೆ ಆಪರೇಟರ್ ಇದ್ದಾನೆಂಬುದನ್ನು ಯಾರೂ ಮರೆಯುತ್ತಿರಲಿಲ್ಲ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆಪಾದನೆಗಳ ನಡುವೆ ರಾಮಕೃಷ್ಣ ಹೆಗಡೆಯವರು ನಮ್ಮ ಮುಖ್ಯಮಂತ್ರಿ ಪದವಿಯನ್ನೇ ಬಿಟ್ಟರು. ಕದ್ದಾಲಿಕೆಗೆ ಸರ್ವೋಚ್ಚ ನ್ಯಾಯಾಲಯ ಕಟ್ಟುಪಾಡು ಹಾಕಿದ್ದು 1996ರಲ್ಲಿ.

ಖಾಸಗಿ ಎಂಬ ಮಾತೇ ಹಿಂದೆ ಅರಸರ ಸ್ವಂತದ್ದಕ್ಕೆ ಸಲ್ಲುತ್ತಿದ್ದುದು. ಅದನ್ನು ಎಲ್ಲರದಾಗಿಸಿದ ಮೊಕದ್ದಮೆಗೆ ಕನ್ನಡ ನಾಡಿನವರದೇ ಹೆಸರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದರು. ಆಧಾರ್ ಮಾತ್ರ ಉಳಿಯಿತು; 2018ರ ತೀರ್ಪು ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ತಡೆಹಾಕಿತು.

ಈಗ ಮತ್ತೆ ನಮ್ಮ ಗುಡ್ಡಗಳಿಗೆ ಬರೋಣ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆಯ ಕಾಟ ಎಷ್ಟೆಂಬುದನ್ನು ಅಲ್ಲಿಯ ಆಳುಗಳೇ ಹೇಳಬೇಕು. ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದ್ದಾರೆ. ಹಿಂಡು ಎಲ್ಲಿದೆಯೆಂಬ ಸುದ್ದಿ ಮೊಬೈಲಿಗೆ ಬರುತ್ತದೆ. ಮುಂಜಾನೆ ಮಂಜಿನಲ್ಲಿ ಕಾಫಿ ಕೊಯ್ಲಿಗೆ ಹೊರಡುವವಳಿಗೆ ಇದು ಜೀವದ ಮಾತು. ಇಂತಹ ಸುದ್ದಿ ಬೇಡವೆನ್ನುವವರು ಯಾರು? ಆದರೆ ಸುದ್ದಿ ತಲುಪಬೇಕಾದರೆ ಅವಳ ನಂಬರು, ಅವಳ ಊರು ಎಲ್ಲಿಯಾದರೂ ಬರೆದಿಟ್ಟಿರಲೇಬೇಕು. ಅವಳ ಜೇಬಿನ ಫೋನಂತೂ ಆನೆಯ ಕೊರಳಪಟ್ಟಿಯಂತೆಯೇ, ಯಾವ ಗೋಪುರದ ಆಸುಪಾಸಿನಲ್ಲಿದ್ದೇನೆಂದು ಹೇಳುತ್ತಲೇ ಇರುತ್ತದೆ.

ಇಲ್ಲಿ ಮುಚ್ಚಿಡಲು ಗುಟ್ಟೇನೂ ಇಲ್ಲ. ಆನೆಗಾಗಿ ಕೊಟ್ಟ ನಂಬರು ಸಾಲ ಕೊಡುವವನ ಕೈಗೋ, ಮತ ಕೇಳುವವನ ಕೈಗೋ ಹೋಗಬಾರದು, ಅಷ್ಟೇ. ಜರ್ಮನಿಯ ಸಂವಿಧಾನ ನ್ಯಾಯಾಲಯ 1983ರಲ್ಲಿಯೇ ಜನಗಣತಿಯ ಮೊಕದ್ದಮೆಯಲ್ಲಿ ಇದನ್ನು ಹಿಡಿದಿತ್ತು: ತನ್ನ ವಿವರ ಯಾವುದಕ್ಕೆ ಬಳಕೆಯಾಗಬೇಕೆಂಬುದು ಮೂಲತಃ ಆಯಾ ಮನುಷ್ಯನೇ ನಿರ್ಧರಿಸಬೇಕಾದ್ದು. ನಮ್ಮಲ್ಲಿ 2023ರಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಒಪ್ಪಿಗೆಯ ಉದ್ದೇಶಕ್ಕೆ ಬಳಕೆಯನ್ನು ಕಟ್ಟಿಹಾಕುತ್ತದೆ. ಸರ್ಕಾರಕ್ಕೆ ಮಾತ್ರ ವಿನಾಯಿತಿಗಳನ್ನು ಧಾರಾಳವಾಗಿಯೇ ಇಟ್ಟಿದೆ. ಒಪ್ಪಿಗೆ ಕೇಳುವ ಕಾಗದವನ್ನು ಕನ್ನಡದಲ್ಲಿ ಓದಿಕೊಳ್ಳುವ ಅವಕಾಶವಿರಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಮುಂದಿನ ಸಲ ಯಾರಾದರೂ ಬೆರಳೊತ್ತಿ ಎಂದಾಗ, ಆ ಕೊಯ್ಲಿನ ಹೆಂಗಸು ಮೊದಲು ಆ ಕನ್ನಡದ ಕಾಗದ ಕೊಡಿ ಎಂದು ಕೇಳಬಹುದು.