ಹೆಣ್ಣುಮಕ್ಕಳ ಓಟಕ್ಕೊಂದು ಅಂಕಣ

ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಷಿಕಾಗೋ ನಗರದಲ್ಲಿ. ಎರಡನೆಯ ಮಹಾಯುದ್ಧಕ್ಕೆ ಗಂಡಸರು ಹೊರಟುನಿಂತಾಗ, 1943ರಲ್ಲಿ ಸಾಫ್ಟ್‌ಬಾಲ್ ಆಟಗಾರ್ತಿಯರನ್ನೇ ಕೂಡಿಸಿ ಅಲ್ಲಿ ವೃತ್ತಿಪರ ಬೇಸ್‌ಬಾಲ್ ಲೀಗ್ ಕಟ್ಟಿದರು. 1954ರಲ್ಲಿ ಅದು ನಿಂತುಹೋಯಿತು. 1965ರಲ್ಲಿ ಮೆಲ್ಬರ್ನ್‌ನಲ್ಲಿ ಜರುಗಿದ ಮೊದಲ ಮಹಿಳಾ ವಿಶ್ವ ಸಾಫ್ಟ್‌ಬಾಲ್ ಪಂದ್ಯಾವಳಿಯಲ್ಲಿ ಆಸ್ಟ್ರೇಲಿಯ 1-0ರಿಂದ ಅಮೆರಿಕವನ್ನೇ ಮಣಿಸಿತು.

ಆ ಕಾಲಕ್ಕೆ ನಮ್ಮ ಕಡೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳು 1956ರಲ್ಲಿ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ್ದವು. ನೆರೆಯ ಕೊಲ್ಹಾಪುರದಲ್ಲಿ 1961ರಲ್ಲಿ ಹೆಣ್ಣುಮಕ್ಕಳ ಮೊದಲ ರಾಷ್ಟ್ರೀಯ ಖೊಖೊ ಪಂದ್ಯಾವಳಿ ನಡೆಯಿತು. ಸಾಫ್ಟ್‌ಬಾಲಿನಂತೆ ಖೊಖೊದಲ್ಲಿಯೂ ಅಂಕಣಕ್ಕಿಳಿಯುವ ತಂಡ ಒಂಬತ್ತು ಜನರದು. ಆದರೆ ಬ್ಯಾಟು ಬೇಡ, ಕೈಗವಸು ಬೇಡ. ಎರಡು ಕಂಬ, ಒಂದಿಷ್ಟು ನೆಲ ಸಾಕು. ಬಡವರ ಮನೆಯ ಹುಡುಗಿಗೆ ಇದೇ ದೊಡ್ಡ ಅನುಕೂಲವೆಂದು ನನ್ನ ಎಣಿಕೆ.

ಆದರೆ ನೆಲ ಕೊಟ್ಟರಷ್ಟೇ ಸಾಲದು, ಹೊತ್ತನ್ನೂ ಕೊಡಬೇಕು. ನೀರು, ಒಲೆ, ತಮ್ಮತಂಗಿಯರ ಆರೈಕೆ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಪಂದ್ಯಕ್ಕೆ ಸಿದ್ಧಳಾಗುವುದು ಹೇಗೆ? 1969ರಲ್ಲಿ ಕಿತ್ತೂರಿನಲ್ಲಿ ತೆರೆದ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆಯ ಮಹತ್ವ ನನಗೆ ಕಾಣುವುದು ಇಲ್ಲಿಯೇ: ಅಲ್ಲಿ ಆಟವೂ ದಿನಚರಿಯ ಭಾಗ.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಭಾರತದ ವನಿತೆಯರು ಮೊದಲ ಖೊಖೊ ವಿಶ್ವಕಪ್ ಗೆದ್ದರು. ರಾಣಿ ಚೆನ್ನಮ್ಮನಿಗೆ ಹೂಮಾಲೆ ಹಾಕುವ ನಾವು, ಮನೆಯ ಮಗಳಿಗೆ ಸಂಜೆಯ ಒಂದು ತಾಸು ಬಿಟ್ಟುಕೊಡಲಾರೆವೆ?