ಉಲ್ಟಾ ಅಕ್ಷರದ ಕಥೆ: ಮಂಗಳೂರಿನ ಕಲ್ಲಚ್ಚಿನಿಂದ ನಾರಾವಿಯ ಹೀಟ್ ಪ್ರೆಸ್‌ವರೆಗೆ

(1/6)
ನಾರಾವಿ, ಅಳದಂಗಡಿ, ವೇಣೂರು, ಮೂಡುಬಿದಿರೆ. ಈ ಕಡೆ ಯಾವ ಊರಿನ ಪಂದ್ಯಾಟಕ್ಕೆ ಹೋದರೂ ಮೊದಲು ಕಣ್ಣಿಗೆ ಬೀಳೋದು ಟೀ ಶರ್ಟ್. ವಾಲಿಬಾಲ್ ತಂಡಕ್ಕೊಂದು, ಮೊಸರು ಕುಡಿಕೆಗೊಂದು, ಹುಲಿವೇಷದ ಬಳಗಕ್ಕೊಂದು, ಬ್ರಹ್ಮಕಲಶದ ಸ್ವಯಂಸೇವಕರಿಗೊಂದು. ಎದೆ ಮೇಲೆ ಊರಿನ ಹೆಸರು, ಬೆನ್ನ ಮೇಲೆ ಪ್ರಾಯೋಜಕರ ಹೆಸರು.

"ಇದನ್ನು ಮನೆಯಲ್ಲೇ ಮಾಡ್ಲಿಕ್ಕೆ ಆಗ್ತದಾ?" ಅಂತ ಕೇಳುವವರು ತುಂಬ ಜನ ಇದ್ದಾರೆ. ಆಗ್ತದೆ. ಒಂದು ಮೇಜು, ಒಂದು ಬಿಸಿ ಒತ್ತುಯಂತ್ರ, ಒಂದು ಗಟ್ಟಿ ಪ್ಲಗ್ ಪಾಯಿಂಟ್ ಇದ್ದರೆ ಶುರು ಮಾಡಬಹುದು. ಆದರೆ ಯಂತ್ರ ತರುವ ಮೊದಲು ಸ್ವಲ್ಪ ಚರಿತ್ರೆ ಓದಿ ಮಾರಾಯ್ರೆ. ಈ ಕೆಲಸದಲ್ಲಿ ಹೊಸಬರ ಬಟ್ಟೆ ಹಾಳಾಗುವುದು ಮುಖ್ಯವಾಗಿ ಮೂರು ಕಾರಣಕ್ಕೆ: ಅಕ್ಷರ ತಿರುಗಿಸಲಿಲ್ಲ, ಬಟ್ಟೆ ಯಾವುದು ಅಂತ ನೋಡಲಿಲ್ಲ, ಕನ್ನಡದ ಒತ್ತಕ್ಷರ ಒಡೆದು ಹೋಯ್ತು. ಮೂರಕ್ಕೂ ಹಳೆಯ ಕಥೆಗಳು ಉಂಟು. ಅದರಲ್ಲಿ ಎರಡು ನಮ್ಮ ಕುಡ್ಲದ್ದೇ.

(2/6) ಕಲ್ಲಿನ ಮೇಲೆ ಉಲ್ಟಾ ಕನ್ನಡ
1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. 1841ರಲ್ಲಿ ಅಲ್ಲಿ ಅವರ ಮುದ್ರಣಾಲಯ ಶುರುವಾಯಿತು. ಮೊದಲಿಗೆ ಇದ್ದದ್ದು ಕಲ್ಲಚ್ಚು. 1796ರ ಸುಮಾರಿಗೆ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ವಿಧಾನ ಇದು. ನಯವಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆಯುವುದು, ಕಲ್ಲನ್ನು ಒದ್ದೆ ಮಾಡುವುದು, ಮೇಲಿಂದ ಶಾಯಿ ಹಚ್ಚುವುದು. ನೀರು ಇರುವಲ್ಲಿ ಶಾಯಿ ನಿಲ್ಲುವುದಿಲ್ಲ, ಜಿಡ್ಡು ಇರುವಲ್ಲಿ ನಿಲ್ಲುತ್ತದೆ. ಕಾಗದ ಇಟ್ಟು ಒತ್ತಿದರೆ ಅಚ್ಚು ರೆಡಿ.

ಒಂದೇ ಸಮಸ್ಯೆ: ಕಲ್ಲಿನ ಮೇಲೆ ಬರೆದದ್ದು ಕಾಗದದ ಮೇಲೆ ತಿರುಗಿ ಬೀಳುತ್ತದೆ. ಹಾಗಾಗಿ ಒಂದೋ ಕಲ್ಲಿನ ಮೇಲೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಬರೆಯಬೇಕು, ಇಲ್ಲಾ ವರ್ಗಾವಣೆ ಕಾಗದದ ಮೇಲೆ ನೆಟ್ಟಗೆ ಬರೆದು ಅದನ್ನು ಕಲ್ಲಿಗೆ ಒತ್ತಬೇಕು. ಆಗ ಕಲ್ಲಿನ ಮೇಲೆ ಉಲ್ಟಾ, ಕೊನೆಯ ಕಾಗದದ ಮೇಲೆ ಸರಿ.

1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಇದೇ ಕಲ್ಲಚ್ಚಿನಲ್ಲಿ ಬಂದದ್ದು. ನಾವು ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಆ ನೆನಪಿಗೇ. ಇವತ್ತು ಮನೆಯಲ್ಲಿ ಸಬ್ಲಿಮೇಶನ್ ಕಾಗದ ತೆಗೆಯುವವರು ಪ್ರಿಂಟ್ ಕೊಡುವ ಮೊದಲು 'ಮಿರರ್' ಗುಂಡಿ ಒತ್ತುತ್ತಾರಲ್ಲ, ಅದು ಕಲ್ಲಚ್ಚಿನವರ ಪಾಠವೇ.

(3/6) ಗೇರಿನ ಬಣ್ಣ
ಎರಡನೇ ಪಾಠ ಬಟ್ಟೆಯದು. ಮತಾಂತರವಾದವರು ಜಾತಿ ಬಿಟ್ಟ ಮೇಲೆ ಕೆಲಸವನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ದುಡಿಮೆ ಬೇಕು ಅಂತ ಮಿಷನ್‌ನವರು ನೇಯ್ಗೆ, ಹೆಂಚು ಅಂತ ಕೈಗಾರಿಕೆ ಶುರು ಮಾಡಿದರು. 1851ರಲ್ಲಿ ಜಾನ್ ಹಾಲರ್ ಎಂಬ ನೇಯ್ಗೆ ಪರಿಣತರು ಯುರೋಪಿನಿಂದ ಮಂಗಳೂರಿಗೆ ಬಂದರು. ಬಲ್ಮಠದ ನೇಯ್ಗೆ ಶಾಲೆಯಲ್ಲಿ ಅವರು ಗೇರಿನ ರಸದಿಂದ ಮಣ್ಣಿನ ಬಣ್ಣ ತೆಗೆದರು, ಅದೇ ಖಾಕಿ ಅಂತ ನಮ್ಮಲ್ಲಿ ಹೆಮ್ಮೆಯಿಂದ ಹೇಳ್ತಾರೆ. ಖಾಕಿಗೆ ಇನ್ನೊಂದು ಹುಟ್ಟೂರೂ ಉಂಟು: ವಾಯವ್ಯ ಗಡಿಯಲ್ಲಿ ಹ್ಯಾರಿ ಲಮ್ಸ್‌ಡನ್‌ನ ಗೈಡ್ಸ್ ದಳ 1840ರ ದಶಕದ ಕೊನೆಗೇ ಮಣ್ಣು ಬಣ್ಣದ ಬಟ್ಟೆ ಹಾಕುತ್ತಿತ್ತು. ಆದರೆ ಆ ಬಣ್ಣವನ್ನು ಮಗ್ಗದ ಬಟ್ಟೆಗೆ ಕೂರಿಸಿದ ಕೀರ್ತಿಯಲ್ಲಿ ಮಂಗಳೂರಿನ ಪಾಲು ದೊಡ್ಡದು.

ಹತ್ತಿ ನೀರು ಕುಡಿಯುವ ನೂಲು. ನೀರಿನ ಜೊತೆ ಬಣ್ಣವನ್ನೂ ಎಳೆದುಕೊಳ್ಳುತ್ತದೆ. ನೀರು ಕುಡಿಯದ ನೂಲು ಬಂದಾಗ ಹಳೆಯ ಬಣ್ಣದ ತೊಟ್ಟಿ ಕೆಲಸಕ್ಕೆ ಬರಲಿಲ್ಲ.

(4/6) ಕರ್ಪೂರದ ಹಾಗೆ ಹಾರುವ ಬಣ್ಣ
ಆ ನೂಲು ಪಾಲಿಯೆಸ್ಟರ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಇದನ್ನು ಮಾಡಿದರು. 'ಟೆರಿಲಿನ್ ಶರ್ಟ್' ಅಂತ ನಮ್ಮ ಅಜ್ಜಂದಿರು ಹೇಳ್ತಿದ್ದದ್ದು ಇದನ್ನೇ. ಇದಕ್ಕೆ ಹಿಡಿಯುವ ಬಣ್ಣದ ಬಗೆ ಅದಾಗಲೇ ಇತ್ತು, 1920ರ ದಶಕದಲ್ಲಿ ಅಸಿಟೇಟ್ ಬಟ್ಟೆಗಾಗಿ ತಯಾರಾದದ್ದು. 1957ರಲ್ಲಿ ಫ್ರಾನ್ಸಿನ ನೋಯೆಲ್ ಡಿ ಪ್ಲಾಸ್ ಇಂಥ ಬಣ್ಣಗಳ ಒಂದು ಗುಣವನ್ನು ಕೆಲಸಕ್ಕೆ ಹಚ್ಚಿದರು: ಬಿಸಿ ತಾಗಿದರೆ ಇವು ಕರಗುವುದಿಲ್ಲ, ನೇರ ಆವಿಯಾಗುತ್ತವೆ. ಆರತಿ ತಟ್ಟೆಯ ಕರ್ಪೂರ ನೀರಾಗದೆ ಹಾರುತ್ತದಲ್ಲ, ಶಾಲೆಯಲ್ಲಿ 'ಉತ್ಪತನ' ಅಂತ ಓದಿದ್ದು, ಅದೇ.

ಕಾಗದದ ಮೇಲಿನ ಬಣ್ಣ ಸುಮಾರು 190ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗಿ ಪಾಲಿಯೆಸ್ಟರ್ ಎಳೆಯ ಒಳಗೆ ಹೋಗುತ್ತದೆ. ಬಿಸಿ ಆರಿದಾಗ ಅಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೇ ಸಬ್ಲಿಮೇಶನ್ ಜೆರ್ಸಿಯನ್ನು ಎಷ್ಟು ಒಗೆದರೂ ಬಣ್ಣ ಸುಲಿಯುವುದಿಲ್ಲ, ಮುಟ್ಟಿದರೆ ಪದರ ಕೈಗೆ ಸಿಗುವುದಿಲ್ಲ. ಅದೇ ಶಾಯಿಯನ್ನು ಹತ್ತಿಯ ಮೇಲೆ ಒತ್ತಿದರೆ ಎರಡು ಒಗೆತಕ್ಕೆ ಮಂಕು. ಬಿಳಿ ಶಾಯಿ ಇಲ್ಲದ ಕಾರಣ ಕಪ್ಪು ಬಟ್ಟೆಯ ಮೇಲೆ ಏನೂ ಕಾಣುವುದಿಲ್ಲ.

(5/6) ಹಾಗಾದರೆ ಮನೆಯಲ್ಲಿ ಶುರು ಮಾಡೋದು ಹೇಗೆ?
ಮೊದಲು ಯಾರಿಗೆ ಮಾಡ್ತೀರಿ ಅಂತ ನೋಡಿ, ಆಮೇಲೆ ಯಂತ್ರ.

▪️ ಆಟದ ಜೆರ್ಸಿ, ತಿಳಿ ಬಣ್ಣದ ಪಾಲಿಯೆಸ್ಟರ್: ಸಬ್ಲಿಮೇಶನ್. 45ರಿಂದ 60 ಸೆಕೆಂಡು. ಚಿತ್ರ ಕಡ್ಡಾಯವಾಗಿ ಉಲ್ಟಾ.
▪️ ಹೆಸರು, ನಂಬರ್ ಮಾತ್ರ: ಕತ್ತರಿಸಿ ಅಂಟಿಸುವ ವಿನೈಲ್. 150ರಿಂದ 160 ಡಿಗ್ರಿ, 10ರಿಂದ 15 ಸೆಕೆಂಡು. ಕತ್ತರಿಸುವಾಗ ಉಲ್ಟಾ.
▪️ ಹತ್ತಿ ಬಟ್ಟೆ, ಗಾಢ ಬಣ್ಣ, ಫೋಟೋ: ಡಿಟಿಎಫ್ ಫಿಲ್ಮ್. ಪ್ರಿಂಟರ್ ಕೊಳ್ಳುವುದು ಬೇಡ. ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಪ್ರಿಂಟ್ ಮಾಡಿ ಕೊಡ್ತಾರೆ, ನೀವು ಒತ್ತಿದರೆ ಸಾಕು. ಹೊಸಬರಿಗೆ ಇದೇ ಸುಲಭದ ಬಾಗಿಲು.
▪️ ಗಾಢ ಬಟ್ಟೆಗೆಂದೇ ಬರುವ ಟ್ರಾನ್ಸ್‌ಫರ್ ಪೇಪರ್ ಒಂದುಂಟು. ಅದರಲ್ಲಿ ಚಿತ್ರ ಮೇಲ್ಮುಖವಾಗಿ ಕೂರುವುದರಿಂದ ಉಲ್ಟಾ ಮಾಡಬಾರದು.

15×15 ಇಂಚಿನ ಪ್ರೆಸ್ ಸುಮಾರು ಒಂದೂವರೆ ಕಿಲೋವಾಟ್ ಎಳೆಯುತ್ತದೆ. 16 ಆ್ಯಂಪ್ ಪ್ಲಗ್, ಒಳ್ಳೆಯ ಅರ್ಥಿಂಗ್ ಬೇಕೇ ಬೇಕು. ಇನ್ನು ನಮ್ಮ ಮಳೆ. ಕುದುರೆಮುಖದ ಬುಡದಲ್ಲಿರುವ ನಾರಾವಿಯಲ್ಲಿ ಜೂನ್‌ನಿಂದ ಒಣಗಿದ ಬಟ್ಟೆಯೂ ತಣ್ಣಗೇ ಇರುತ್ತದೆ. ಆ ತೇವ ಬಿಸಿಗೆ ಆವಿಯಾಗಿ ಅಂಟನ್ನು ಎಬ್ಬಿಸುತ್ತದೆ. ಆದ್ದರಿಂದ ಚಿತ್ರ ಇಡುವ ಮೊದಲು ಬರಿ ಬಟ್ಟೆಯನ್ನು ಐದಾರು ಸೆಕೆಂಡು ಒತ್ತಿ ಒಣಗಿಸಿ. ಕಾಗದಗಳನ್ನು ಮುಚ್ಚಳದ ಡಬ್ಬಿಯಲ್ಲಿಡಿ.

ಮೂರನೇ ಪಾಠ ಕನ್ನಡದ್ದು. ಯೂನಿಕೋಡ್ ಕನ್ನಡವನ್ನು ಡಿಸೈನ್ ಸಾಫ್ಟ್‌ವೇರ್‌ಗೆ ಹಾಕಿದರೆ ಕೆಲವೊಮ್ಮೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಹಾಕಿ, ಸರಿ ಕಂಡ ಮೇಲೆ ಅಕ್ಷರವನ್ನು ಚಿತ್ರವಾಗಿ ಬದಲಿಸಿ. ವಿನೈಲ್‌ಗೆ ದಪ್ಪ ಅಕ್ಷರವೇ ಆಗಬೇಕು, ತೆಳು ಒತ್ತಕ್ಷರ ಕೀಳುವಾಗ ಕಿತ್ತೇ ಬರುತ್ತದೆ. ಉಲ್ಟಾ ಮಾಡಿದ ಮೇಲೆ ಕಾಗುಣಿತ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಓದಿ ನೋಡುವುದನ್ನು ಅದಕ್ಕೂ ಮೊದಲೇ ಮುಗಿಸಿ. ಇನ್ನು ತುಳು ಲಿಪಿಯಲ್ಲಿ ಹೆಸರು ಬೇಕು ಅನ್ನುವ ಹುಡುಗರಿಗೆ ಒಂದು ಸಿಹಿಸುದ್ದಿ: 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೂ ಜಾಗ ಸಿಕ್ಕಿದೆ.

(6/6) ಯಾರ ಕೆಲಸ, ಯಾರ ಲಾಭ
ಇಷ್ಟೆಲ್ಲ ಯಾಕೆ ಹೇಳಿದ್ದು ಅಂದರೆ, ನಮ್ಮ ಕಡೆ ಮನೆಗೆಲಸದ ದುಡಿಮೆ ಹೊಸದಲ್ಲ. ಬೆಳ್ತಂಗಡಿ, ಬಂಟ್ವಾಳ ಕಡೆ ಎಷ್ಟೋ ಮನೆ ನಡೆದದ್ದು ಹೆಂಗಸರು ಜಗಲಿಯಲ್ಲಿ ಕೂತು ಸುತ್ತಿದ ಬೀಡಿಯಿಂದ. ಅಲ್ಲಿ ಎಲೆ, ಹೊಗೆಸೊಪ್ಪು ಬರುವುದು ಬ್ರಾಂಚಿನಿಂದ, ರೇಟು ನಿಗದಿಯಾಗುವುದು ಸಾವಿರಕ್ಕಿಷ್ಟು ಅಂತ, ಸರಿಯಿಲ್ಲದ್ದು ತಿರಸ್ಕಾರ. ಬಾಸೆಲ್ ಮಿಷನ್‌ನ ಮಗ್ಗಗಳಲ್ಲೂ ಕೈ ನಮ್ಮವರದ್ದು, ಮಗ್ಗ ಬೇರೆಯವರದ್ದು. 1914ರ ಯುದ್ಧ ಬಂದು ಜರ್ಮನರು ಶತ್ರುಗಳಾದಾಗ ಕೈಗಾರಿಕೆಗಳು ಮಿಷನ್‌ನಿಂದ ಕೈತಪ್ಪಿ ಮುಂದೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಆ ತೀರ್ಮಾನದಲ್ಲಿ ನೇಯುವವರನ್ನು ಯಾರೂ ಕೇಳಲಿಲ್ಲ.

ಮನೆಯ ಹೀಟ್ ಪ್ರೆಸ್‌ನಲ್ಲಿ ಯಂತ್ರವೂ ನಿಮ್ಮದು, ಗಿರಾಕಿಯೂ ನಿಮ್ಮವರು, ರೇಟು ಹೇಳುವುದೂ ನೀವೇ. ಅದಕ್ಕೇ ರೇಟು ಹೇಳುವಾಗ ಟೀ ಶರ್ಟ್ ಮತ್ತು ಫಿಲ್ಮ್ ಮಾತ್ರ ಲೆಕ್ಕ ಹಾಕಬೇಡಿ. ಕರೆಂಟು, ಹಾಳಾದ ಪೀಸು, ಡಿಸೈನ್‌ಗೆ ಕೂತ ರಾತ್ರಿ, ತಿರುಪೂರಿನಿಂದ ಬಟ್ಟೆ ತರಿಸಿದ ಖರ್ಚು, ಎಲ್ಲವನ್ನೂ ಸೇರಿಸಿ. 'ನಮ್ಮ ಊರಿನವರೇ ಅಲ್ವಾ' ಅಂತ ಇಳಿಸುತ್ತಾ ಹೋದರೆ ನಿಮ್ಮದೇ ಮನೆಯಲ್ಲಿ ನೀವು ಸಾವಿರಕ್ಕಿಷ್ಟು ಕೂಲಿಯವರಾಗ್ತೀರಿ.

ಸಾಲ, ಲೆಕ್ಕಪತ್ರ, ವ್ಯವಹಾರ ಗೊತ್ತಿಲ್ಲ ಅಂತ ಹೆದರುವವರಿಗೆ ದಾರಿ ನಮ್ಮ ತಾಲೂಕಿನಲ್ಲೇ ಉಂಟು. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಊಟ, ವಸತಿ ಕೊಟ್ಟು ಉಚಿತವಾಗಿ ಸ್ವಉದ್ಯೋಗ ಕಲಿಸುವ ಈ ಮಾದರಿಯನ್ನೇ ಆಮೇಲೆ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೆ ಒಯ್ದದ್ದು. ಯಾವ ತರಬೇತಿ ಯಾವಾಗ ಅಂತ ಒಮ್ಮೆ ಹೋಗಿ ಕೇಳಿ.

ನಿಮ್ಮ ಮನೆಯಲ್ಲಿ ಹಳೆಯ ಯುವಕ ಮಂಡಲದ ಬನಿಯನ್ನೋ, ಶಾಲೆಯ ಕ್ರೀಡಾಕೂಟದ ಜೆರ್ಸಿಯೋ ಉಂಟಾ? ಫೋಟೋ ಹಾಕಿ, ಯಾವ ವರ್ಷದ್ದು ಅಂತ ಕಾಮೆಂಟಲ್ಲಿ ಬರೆಯಿರಿ. ನಮ್ಮೂರಿನ ಅಚ್ಚಿನ ಚರಿತ್ರೆ ಅದರಲ್ಲೂ ಉಂಟು.

#ನಾರಾವಿ #ಬೆಳ್ತಂಗಡಿ #ತುಳುನಾಡು #ಕಲ್ಲಚ್ಚು #ಮನೆಉದ್ಯೋಗ #ಊರಚರಿತ್ರೆ